ಟೇಬಲ್ಲಿಗೆ ಮೊದಲು ಬಂದವನು

ಜುಲೈ ತಿಂಗಳು ಬಂತೆಂದರೆ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೆಲಸ ಅರ್ಧಕ್ಕರ್ಧ ಕೆಡುತ್ತದೆ. ನಾನಿಲ್ಲಿ ಖಾಸಗಿ ಬಸ್ಸುಗಳ ಏಜೆಂಟ್. ಒಂದು ಬಸ್ಸು ಹೊರಟು ಇನ್ನೊಂದು ಬರುವ ನಡುವೆ ಸಿಗುವ ಹತ್ತು ನಿಮಿಷದಲ್ಲಿ ಫೋನ್ ತೆಗೆದು, ಹಿಂದಿನ ದಿನ ಯುರೋಪಿನಲ್ಲಿ ನಡೆದ ಸೈಕಲ್ ರೇಸಿನ ತುಣುಕು ನೋಡುತ್ತೇನೆ. ಮೂರು ವಾರ, ದಿನಕ್ಕೊಂದು ಊರಿನಿಂದ ಇನ್ನೊಂದು ಊರಿಗೆ ತುಳಿಯುವ ರೇಸು ಅದು. ನೋಡುತ್ತ ಕೂತರೆ ಹೆಗಲ ಮೇಲಿಂದ ಯಾರಾದರೊಬ್ಬರು ಇಣುಕದೆ ಬಿಡುವುದಿಲ್ಲ. ಇಣುಕಿದವರೆಲ್ಲ ಕೇಳುವ ಪ್ರಶ್ನೆಯೂ ಒಂದೇ. ಹಳದಿ ಅಂಗಿಯವನು ಮೊದಲಿಗ ಅಂತಾದರೆ ಆ ಹಸಿರು ಅಂಗಿಯವನು ಯಾರು?

ಈ ಪ್ರಶ್ನೆ ಕೇಳಿದರೆ ನನಗೆ ಖುಷಿಯಾಗುತ್ತದೆ, ಹಳೆಯದೊಂದು ಸಂಕೋಚವೂ ಆಗುತ್ತದೆ. ಸಂಕೋಚದ ಕಾರಣ ಆಮೇಲೆ ಹೇಳುತ್ತೇನೆ, ಮೊದಲು ಉತ್ತರ.

ಹಳದಿ ಅಂಗಿ ಗಡಿಯಾರದ್ದು. ಎಲ್ಲ ದಿನಗಳ ಗಂಟೆ, ನಿಮಿಷ, ಸೆಕೆಂಡು ಕೂಡಿಸಿ ನೋಡಿದಾಗ ಯಾರದು ಎಲ್ಲರಿಗಿಂತ ಕಡಿಮೆಯೋ ಅವನದು. ಹಸಿರು ಅಂಗಿಗೆ ಗಡಿಯಾರ ಬೇಡ. ಯಾರ ಹಿಂದೆ ಯಾರು ಬಂದರು ಎಂಬುದಷ್ಟೇ ಅದಕ್ಕೆ ಬೇಕು. ಆ ದಿನದ ಕೊನೆಯ ಗೆರೆಯನ್ನು ಮೊದಲು ದಾಟಿದವನಿಗೆ ಇಷ್ಟು ಪಾಯಿಂಟು, ಎರಡನೆಯವನಿಗೆ ಅದಕ್ಕಿಂತ ಕಡಿಮೆ, ಹೀಗೇ ಇಳಿಯುತ್ತ ಹೋಗುತ್ತದೆ. ದಾರಿಯ ನಡುವೆ ಎಲ್ಲೋ ಒಂದು ಪೇಟೆಯಲ್ಲಿ ಇನ್ನೊಂದು ಗೆರೆ ಇರುತ್ತದೆ, ಅಲ್ಲೂ ಮೊದಲು ಬಂದ ಕೆಲವರಿಗೆ ಒಂದಿಷ್ಟು ಪಾಯಿಂಟು. ಸಮತಟ್ಟಾದ ದಾರಿಯ ದಿನ ಪಾಯಿಂಟು ಜಾಸ್ತಿ, ಬೆಟ್ಟದ ದಿನ ಕಡಿಮೆ. ಹಾಗಾಗಿ ಏರಿನಲ್ಲಿ ಉಬ್ಬಸ ಬಿಡುತ್ತ ಅರ್ಧ ಗಂಟೆ ಹಿಂದೆ ಬೀಳುವ ದಪ್ಪ ತೊಡೆಯ ಮನುಷ್ಯನೂ ಹಸಿರು ಅಂಗಿ ಗೆಲ್ಲಬಹುದು. ಆದರೆ ಅವನು ಬೆಟ್ಟ ದಾಟಿ, ಕೊಟ್ಟ ಹೊತ್ತಿನೊಳಗೆ ಊರು ಮುಟ್ಟಲೇಬೇಕು. ಮಧ್ಯದಲ್ಲಿ ಬಿಟ್ಟು ಗಾಡಿ ಹತ್ತಿದನೋ, ಅದುವರೆಗೆ ಗಳಿಸಿದ್ದೆಲ್ಲ ನೀರಲ್ಲಿ ಹೋಮ.

ಇನ್ನೊಂದು ಮಾತಿದೆ, ಅದು ನನ್ನ ಕತೆಗೆ ಬಹಳ ಮುಖ್ಯ. ಗುಂಪಾಗಿ ಒಟ್ಟಿಗೆ ಬಂದವರಿಗೆಲ್ಲ ಒಂದೇ ಸಮಯ ಬರೆಯುತ್ತಾರೆ. ಒಂದೇ ಬಸ್ಸಿನಿಂದ ಇಳಿದವರಲ್ಲಿ ಬಾಗಿಲ ಬಳಿ ಕೂತವನು ಮೊದಲು ಇಳಿದರೂ ಎಲ್ಲರೂ ಊರು ಮುಟ್ಟಿದ್ದು ಒಂದೇ ಹೊತ್ತಿಗೆ ತಾನೇ? ಹಾಗೆ. ಗಡಿಯಾರದ ಲೆಕ್ಕಕ್ಕೆ ಗುಂಪಿನೊಳಗೆ ಮುಂದೆ ಯಾರು, ಹಿಂದೆ ಯಾರು ಎಂಬುದು ಬೇಡವೇ ಬೇಡ. ಪಾಯಿಂಟಿಗೆ ಮಾತ್ರ ಬೇಕು.

ಇಷ್ಟನ್ನೆಲ್ಲ ನನಗೆ ಕಲಿಸಿದ್ದು ಹೊಸನಗರದ ಒಬ್ಬ ಡ್ರಿಲ್ ಮೇಷ್ಟ್ರು. ಬಹಳ ವರ್ಷಗಳ ಹಿಂದಿನ ಮಾತು. ಆಗ ನಾನು ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್. ಬೆಳಗಿನ ಮೊದಲ ಟ್ರಿಪ್ಪಿಗೆ ಸೈಕಲ್ಲಿನಲ್ಲೇ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದೆ. ದಿನಾ ತಡವಾಗಿ ಏಳುವುದು, ದಿನಾ ಎದ್ದುಬಿದ್ದು ತುಳಿಯುವುದು. ಹೀಗೆ ನನಗೆ ಗೊತ್ತಿಲ್ಲದೆಯೇ ಕಾಲಿಗೆ ವೇಗ ಬಂದಿತ್ತು. ಮೇಷ್ಟ್ರು ಒಮ್ಮೆ ಬಸ್ಸಿನ ಕಿಟಕಿಯಿಂದ ನಾನು ಸೈಕಲ್ ತುಳಿಯುವುದನ್ನು ನೋಡಿದರಂತೆ. ಅವರಿಗೆ ಆ ಯುರೋಪಿನ ರೇಸಿನ ಹುಚ್ಚು. ನಮ್ಮಲ್ಲೂ ಅಂಥದ್ದೊಂದು ಮೂರು ದಿನದ್ದು ಮಾಡುವುದೆಂದು ಹಟ ಹಿಡಿದು, ನಾಲ್ಕು ಜನರನ್ನು ಸೇರಿಸಿ, ಮಾಡಿಯೇಬಿಟ್ಟರು. ಮೊದಲ ದಿನ ಸಾಗರದಿಂದ ಹೊಸನಗರ. ಎರಡನೆಯ ದಿನ ಹೊಸನಗರದಿಂದ ತೀರ್ಥಹಳ್ಳಿ, ಬರೀ ಏರು ತಗ್ಗು. ಮೂರನೆಯ ದಿನ ತೀರ್ಥಹಳ್ಳಿಯಿಂದ ಮಂಡಗದ್ದೆಗೆ ಹೋಗಿ ವಾಪಸ್ಸು.

ಹೊರಡುವ ಬೆಳಿಗ್ಗೆ ಮೇಷ್ಟ್ರು ಒಂದು ಕಟ್ಟೆ ಹತ್ತಿ ನಿಂತು ನಿಯಮ ಹೇಳಿದರು. ಮೂವತ್ತು ಮಂದಿ ಚಳಿಗೆ ಕೈ ತಿಕ್ಕುತ್ತ ಕೇಳಿಸಿಕೊಂಡೆವು. ಹಳದಿ ಎಲ್ಲರಿಗೂ ಅರ್ಥವಾಯಿತು. ಹಸಿರಿಗೆ ಬರುವಾಗ ಗೊಂದಲ ಶುರುವಾಯಿತು.

"ಹಂಗಾರೆ ಮೇಷ್ಟ್ರೇ, ಒಂದಿನವೂ ಮೊದ್ಲು ಬರ್ದೇ ಇರೋನೂ ಗೆಲ್ಬೋದಾ?" ಎಂದು ಯಾರೋ ಕೇಳಿದರು.

"ಗೆಲ್ಬೋದು. ಒಂದಿನ ಮೊದ್ಲು ಬಂದು ಎರಡು ದಿನ ಮಲಗಿದೋನಿಗಿಂತ ದಿನಾ ಎರಡ್ನೇದು ಮೂರ್ನೇದು ಬರೋನು ಮೇಲು."

ಆ ಮಾತು ನನ್ನ ಎದೆಗೇ ಬಂದು ಕೂತಿತು. ಜೀವನದಲ್ಲಿ ಯಾವುದರಲ್ಲೂ ಮೊದಲು ಬಂದವನಲ್ಲ ನಾನು. ಎರಡನೆಯದು ಮೂರನೆಯದಾದರೆ ನೋಡಬಹುದು ಅನ್ನಿಸಿತು.

ಬಟ್ಟೆಮಲ್ಲಪ್ಪದಲ್ಲಿ ಒಂದು ಹೋಟೆಲಿನ ಎದುರು ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಅದು ನಡುದಾರಿಯ ಗೆರೆ. ಮೊದಲು ದಾಟಿದವನಿಗೆ ಐದು ಪಾಯಿಂಟು, ಆಮೇಲಿನವರಿಗೆ ಮೂರು, ಒಂದು. ದಿನಕ್ಕೆರಡು ಸಲ ಅಲ್ಲಿ ಬಸ್ಸಿನಿಂದ ಹಾರಿ ಇಳಿಯುವವನು ನಾನು, ರಸ್ತೆ ಎಲ್ಲಿ ಕಿರಿದಾಗುತ್ತದೆ, ಎಲ್ಲಿ ಜಲ್ಲಿ ಎದ್ದಿದೆ ಎಲ್ಲ ಕಾಲಿಗೇ ಗೊತ್ತು. ಐದು ಪಾಯಿಂಟು ನನಗೇ ಸಿಕ್ಕಿತು. ನನ್ನ ಹಿಂದೆಯೇ ಬಂದು ಮೂರು ಪಾಯಿಂಟು ತಗೊಂಡವನು ತೀರ್ಥಹಳ್ಳಿ ಕಡೆಯ ಒಬ್ಬ ಕರೆಂಟ್ ಲೈನ್‌ಮನ್. ಕಂಬ ಹತ್ತಿ ಹತ್ತಿ ಗಟ್ಟಿಯಾದ ಆಳು, ಮಾತು ಕಡಿಮೆ. ದಾಟಿದ ಮೇಲೆ ನನ್ನ ಕಡೆ ನೋಡಿ ಒಂದು ಸಲ ತಲೆಯಾಡಿಸಿದ, ಅಷ್ಟೇ.

ಹೊಸನಗರದಲ್ಲಿ ಕೊನೆಯ ಗೆರೆ ಬಸ್ ಸ್ಟ್ಯಾಂಡಿನ ಎದುರು. ಕಾಲೇಜು ಹುಡುಗನೊಬ್ಬ ಎಲ್ಲರನ್ನೂ ಬಿಟ್ಟು ಎರಡು ನಿಮಿಷ ಮೊದಲೇ ಬಂದು ಹಾರ ಹಾಕಿಸಿಕೊಂಡಾಗಿತ್ತು. ಅವನ ಹಿಂದೆ ನಾವು ಹತ್ತು ಹನ್ನೆರಡು ಜನ ಒಂದೇ ಗುಂಪಾಗಿ, ಧೂಳೆಬ್ಬಿಸಿಕೊಂಡು ನುಗ್ಗಿದೆವು. ಗೆರೆ ದಾಟುವಾಗ ನನ್ನ ಮುಂದೆ ನಾಲ್ಕು ಹಿಂಚಕ್ರ ಕಂಡವು. ನಾಲ್ಕು ಅಂತ ಇವತ್ತಿಗೂ ಹೇಳಬಲ್ಲೆ. ಎಲ್ಲರಿಗಿಂತ ಮುಂದಿನದು ಲೈನ್‌ಮನ್ನನದು. ಅಂದರೆ ಅವನು ಎರಡನೆಯವನು, ನಾನು ಆರನೆಯವನು.

ಈಗ ಟೈಂ ಕೀಪರ್ ವಿಷಯಕ್ಕೆ ಬರಬೇಕು. ರೇಸಿಗೆ ಹೊತ್ತು ಬರೆಯಲು ಯಾರು ಎಂದು ಯೋಚಿಸಿ ಮೇಷ್ಟ್ರು ಹೊಸನಗರದ ಬಸ್ ಸ್ಟ್ಯಾಂಡಿನ ಟೈಂ ಕೀಪರನ್ನೇ ಕರೆದಿದ್ದರು. ಅವರಿಗಿಂತ ಯೋಗ್ಯರು ಮೂರು ತಾಲ್ಲೂಕಿನಲ್ಲಿ ಸಿಗುತ್ತಿರಲಿಲ್ಲ. ಯಾವ ಬಸ್ಸಿಗೂ ಅರ್ಧ ನಿಮಿಷ ಬಿಟ್ಟುಕೊಟ್ಟವರಲ್ಲ. ತಡವಾಗಿ ಬಂದರೆ ಬೈಗುಳ, ಹೊತ್ತಿಗೆ ಮುಂಚೆ ಬಂದರೆ ಮುಂದಿನ ಬಸ್ಸಿನ ಜನ ಹತ್ತಿಸಿಕೊಂಡೆ ಎಂದು ಇನ್ನೂ ಎರಡು ಬೈಗುಳ. ಆದರೆ ಖಾಸಗಿ ಬಸ್ಸಿನವರಿಗೆ ಒಂದು ಪದ್ಧತಿ ಇದೆ. ಬಸ್ಸು ಸ್ಟ್ಯಾಂಡಿಗೆ ಬಂದ ಹೊತ್ತನ್ನು ಯಾರೂ ನೋಡುವುದಿಲ್ಲ. ಕಂಡಕ್ಟರ್ ಓಡಿ ಬಂದು ಟ್ರಿಪ್ ಶೀಟನ್ನು ಟೈಂ ಕೀಪರ್ ಟೇಬಲ್ಲಿನ ಮೇಲೆ ಇಟ್ಟಾಗ ಅವರು ಹೊತ್ತು ಬರೆಯುತ್ತಾರೆ. ಎರಡು ಬಸ್ಸು ಒಟ್ಟಿಗೆ ನುಗ್ಗಿದರೆ ಯಾವ ಕಂಡಕ್ಟರ್ ಟೇಬಲ್ ಮೊದಲು ಮುಟ್ಟಿದನೋ ಅವನ ಬಸ್ಸೇ ಮೊದಲು ಬಂದದ್ದು. ಅದಕ್ಕೇ ನಾವೆಲ್ಲ ಬಸ್ಸು ನಿಲ್ಲುವ ಮೊದಲೇ ಹಾರುವುದು.

ಆವತ್ತೂ ನಾನು ಹಾರಿದೆ. ಸತ್ಯವಾಗಿ ಹೇಳುತ್ತೇನೆ, ಆ ಗಳಿಗೆಯಲ್ಲಿ ಯಾವ ಕಪಟವೂ ಇರಲಿಲ್ಲ. ಅಲ್ಲೇ, ಅದೇ ಬಸ್ ಸ್ಟ್ಯಾಂಡಿನಲ್ಲಿ, ಅದೇ ಟೇಬಲ್ಲಿನ ಹಿಂದೆ ಅದೇ ಕನ್ನಡಕದ ಮನುಷ್ಯ ಕೂತಿದ್ದಾರೆ. ಕಾಲು ತನ್ನಷ್ಟಕ್ಕೆ ಓಡಿತು. ಸೈಕಲ್ಲನ್ನು ಗೋಡೆಗೆ ಎಸೆದಂತೆ ಒರಗಿಸಿ ಟೇಬಲ್ಲಿಗೆ ಹೋಗಿ, "ಇಪ್ಪತ್ತೇಳು, ಯಜಮಾನ್ರೇ" ಎಂದು ನನ್ನ ನಂಬರ್ ಹೇಳಿದೆ. ಅವರು ಬರೆದುಕೊಂಡರು. ಉಳಿದವರು ನೆಲದ ಮೇಲೆ ಬಿದ್ದು ಏದುಸಿರು ಬಿಡುತ್ತಿದ್ದರು. ಲೈನ್‌ಮನ್ ನಲ್ಲಿಯ ಕೆಳಗೆ ತಲೆ ಹಿಡಿದು ನಿಂತಿದ್ದ. ಅವನು ಸಾವಕಾಶ ಮುಖ ಒರೆಸಿಕೊಂಡು ಟೇಬಲ್ಲಿಗೆ ಬಂದಾಗ ಆರನೆಯವನಾಗಿದ್ದ.

ಸಂಜೆ ಬಸ್ ಸ್ಟ್ಯಾಂಡಿನ ಕಂಬಕ್ಕೆ ಪಟ್ಟಿ ಅಂಟಿಸಿದರು. ಎರಡನೆಯ ಸ್ಥಾನದಲ್ಲಿ ಇಪ್ಪತ್ತೇಳು. ಗೆರೆಯ ಹನ್ನೆರಡು, ನಡುದಾರಿಯ ಐದು ಸೇರಿ ನನಗೆ ಹದಿನೇಳು ಪಾಯಿಂಟು. ಮೊದಲು ಬಂದ ಕಾಲೇಜು ಹುಡುಗನಿಗೆ ನಡುದಾರಿಯಲ್ಲಿ ಏನೂ ಸಿಗದೆ ಹದಿನೈದು. ಲೈನ್‌ಮನ್ನನಿಗೆ ಆರನೆಯ ಸ್ಥಾನದ ನಾಲ್ಕು, ನಡುದಾರಿಯ ಮೂರು ಸೇರಿ ಬರೀ ಏಳು. ನಾನು ಪಟ್ಟಿಯನ್ನು ಎರಡು ಸಲ ಓದಿದೆ.

ಅಷ್ಟರಲ್ಲಿ ಒಬ್ಬ ಗಲಾಟೆ ಮಾಡಿಕೊಂಡು ಬಂದ. ಗೆರೆ ದಾಟಿದವನೇ ಹಸಿವು ತಾಳದೆ ಸೀದಾ ಹೋಟೆಲಿಗೆ ಹೋಗಿ ಬನ್ಸ್ ತಿನ್ನುತ್ತ ಕೂತಿದ್ದನಂತೆ, ಅವನ ನಂಬರ್ ಪಟ್ಟಿಯಲ್ಲೇ ಇಲ್ಲ.

"ನೀನು ಟೇಬಲ್ಲಿಗೆ ಬರ್ಲೇ ಇಲ್ವಲ್ಲ ಮಾರಾಯ. ಬರ್ದೇ ಇದ್ದೋನನ್ನ ಬಂದ ಅಂತ ಹೆಂಗ್ ಬರೀಲಿ?" ಎಂದರು ಟೈಂ ಕೀಪರ್.

ಜೀಪಿನಲ್ಲಿ ಎಲ್ಲರ ಹಿಂದೆ ಬಂದಿದ್ದ ಮೇಷ್ಟ್ರಿಗೆ ಆಗ ಗೊತ್ತಾಯಿತು, ಪಟ್ಟಿ ಆಗಿರುವುದು ಗೆರೆಯಿಂದಲ್ಲ, ಟೇಬಲ್ಲಿನಿಂದ ಎಂದು. ಅವರು ತಲೆ ಮೇಲೆ ಕೈ ಹೊತ್ತುಕೊಂಡರು. ಟೈಂ ಕೀಪರ್ ಮಾತ್ರ ಅಲುಗಲಿಲ್ಲ. "ನಿಮಿಷ ಎಲ್ಲ ಸರಿ ಉಂಟು ನೋಡಿ. ಒಟ್ಟಿಗೆ ಬಂದೋರಿಗೆ ಒಂದೇ ಹೊತ್ತು ಬರ್ದಿದೀನಿ. ಈ ಪಾಯಿಂಟು ಗೀಯಿಂಟು ನಂಗೊತ್ತಿಲ್ಲ." ಅವರು ಹೇಳಿದ್ದೂ ನಿಜವೇ. ಹಳದಿ ಅಂಗಿಗೆ ಒಂದು ಸೆಕೆಂಡಿನ ಅನ್ಯಾಯವೂ ಆಗಿರಲಿಲ್ಲ.

ಮೇಷ್ಟ್ರು ಎಲ್ಲರನ್ನೂ ಕಂಬದ ಸುತ್ತ ಕರೆದರು. "ನೋಡ್ರಪ್ಪ, ಗೆರೆ ಹತ್ರ ನಾನಿರ್ಲಿಲ್ಲ. ಯಾರು ಯಾರ ಮುಂದೆ ಇದ್ರಿ ಅಂತ ನಿಮಗೇ ಗೊತ್ತಿರತ್ತೆ. ಪಟ್ಟಿ ತಪ್ಪಿದ್ರೆ ಈಗ್ಲೇ ಹೇಳಿ, ತಿದ್ತೀನಿ. ನಾಳೆ ಕೇಳಲ್ಲ. ನಾಳೆಯಿಂದ ಗೆರೆಗೆ ನಾನೇ ನಿಲ್ತೀನಿ."

ಬನ್ಸ್ ತಿಂದವನನ್ನು ಸೇರಿಸಿದರು. ಇನ್ನಿಬ್ಬರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಕೆಳಗಿನ ಸ್ಥಾನ ಬದಲಿಸಿಕೊಂಡರು. ನಾನು ಲೈನ್‌ಮನ್ನನ ಕಡೆ ನೋಡಿದೆ. ಅವನು ಕಂಬಕ್ಕೆ ಒರಗಿ ಎಲೆಯಡಿಕೆಯ ಕವಳ ಜಗಿಯುತ್ತಿದ್ದ. ಅವನು ಹೇಳಿದರೆ ಕೂಡಲೇ ಒಪ್ಪಿಕೊಳ್ಳುವುದು ಅಂದುಕೊಂಡೆ. ಅವನು ಹೇಳಲಿಲ್ಲ. ಅವನಿಗೇ ಗೊತ್ತಾಗಿಲ್ಲ, ಕಣ್ಣು ಮುಚ್ಚಿ ತುಳಿದಿರಬೇಕು ಅಂದುಕೊಂಡೆ. ಬರೆದವರು ಟೈಂ ಕೀಪರ್, ಕೇಳದವನು ಅವನು, ನಡುವೆ ನನ್ನದೇನು ತಪ್ಪು ಎಂದೂ ಅಂದುಕೊಂಡೆ. ಮನುಷ್ಯನಿಗೆ ಬೇಕಾದಾಗ ಎಷ್ಟು ಬೇಗ ಎಷ್ಟೆಲ್ಲ ಹೊಳೆಯುತ್ತದೆ ನೋಡಿ.

ಮೇಷ್ಟ್ರು ಪಟ್ಟಿಗೆ ಸಹಿ ಹಾಕಿ, ಹಸಿರು ಅಂಗಿಯನ್ನು ನನ್ನ ತಲೆಯ ಮೇಲಿಂದ ಇಳಿಸಿ ತೊಡಿಸಿದರು. ಸಾಗರದ ಅಂಗಡಿಯಿಂದ ತಂದ ಸಾದಾ ಟೀ ಶರ್ಟ್ ಅದು, ಕುತ್ತಿಗೆ ಬಿಗಿ. ಹೋಲ್ಡಾನ್, ರೈಟ್ ಎನ್ನುವ ದನಿಯಾಗಿ ಮಾತ್ರ ನನ್ನನ್ನು ಬಲ್ಲ ಜನ ಆ ಬಸ್ ಸ್ಟ್ಯಾಂಡಿನಲ್ಲಿ ಚಪ್ಪಾಳೆ ತಟ್ಟಿದರು. ನನಗೆ ಆ ಅಂಗಿ ಬೇಕಿತ್ತು. ಬೇರೆ ನೆವ ಹೇಳಲಾರೆ.

ಎರಡನೆಯ ದಿನದ ದಾರಿ ಈಗಲೂ ಕನಸಿನಲ್ಲಿ ಬರುತ್ತದೆ. ಹೊಸನಗರ ಬಿಟ್ಟ ಮೇಲೆ ಮಂಜು, ಮುಂದಿನವನ ಬೆನ್ನು ಕಾಣದಷ್ಟು. ಗದ್ದೆ ಬದುವಿನಲ್ಲಿ ನಿಂತು ಹೆಂಗಸರು, "ಬಾಯಾರಿಕೆ ಕುಡ್ಕಂಡು ಹೋಗ್ರೋ" ಎಂದು ಮಜ್ಜಿಗೆ ತಂಬಿಗೆ ಎತ್ತಿ ಕರೆಯುತ್ತಿದ್ದರು. ಇಬ್ಬರು ನಿಜವಾಗಿ ಇಳಿದು, ಕುಡಿದು, ಊರು ಕೇರಿ ವಿಚಾರಿಸಿ ಬಂದರು. ಏರು ಶುರುವಾಗುವ ಮೊದಲೇ ನಡುದಾರಿಯ ಗೆರೆ ಇತ್ತು, ಅಲ್ಲಿ ನಾನು ಐದು ಹೊಡೆದೆ, ಲೈನ್‌ಮನ್ ಮೂರು. ಆಮೇಲಿನ ಏರಿನಲ್ಲಿ ನನ್ನ ಪ್ರಾಣ ಬಾಯಿಗೆ ಬಂತು. ಅವನು ಹಗುರವಾಗಿ ದಾಟಿ ಹೋದ. ಕಾಲೇಜು ಹುಡುಗನ ಚೈನು ತುಂಡಾಗಿ ಅವನು ಜೀಪು ಹತ್ತಿದ, ಅವನ ಹದಿನೈದು ಪಾಯಿಂಟೂ ಅವನ ಜೊತೆಗೇ ಜೀಪು ಹತ್ತಿದವು. ನಾನು ತೀರ್ಥಹಳ್ಳಿ ಮುಟ್ಟಿದಾಗ ಪಾಯಿಂಟು ಕೊಡುವ ಏಳು ಸ್ಥಾನಗಳೂ ಮುಗಿದಿದ್ದವು. ಲೈನ್‌ಮನ್ ಮೂರನೆಯವನಾಗಿ ಬಂದು, ಬೆಟ್ಟದ ದಿನದ ಕಡಿಮೆ ಲೆಕ್ಕದಲ್ಲಿ, ಆರು ಪಾಯಿಂಟು ಗಳಿಸಿದ್ದ. ಪಟ್ಟಿಯಲ್ಲಿ ನನ್ನದು ಇಪ್ಪತ್ತೆರಡು, ಅವನದು ಹದಿನಾರು. ನಿಜವಾದ ಲೆಕ್ಕ ಬೇರೆ ಎಂದು ನನಗೊಬ್ಬನಿಗೇ ಗೊತ್ತು ಎಂದು ತಿಳಿದಿದ್ದೆ.

ಮೂರನೆಯ ದಿನ ಮಂಡಗದ್ದೆಯ ನಡುದಾರಿಯ ಗೆರೆಯಲ್ಲಿ ಅವನು ಐದು, ನಾನು ಮೂರು. ಅಲ್ಲಿನ ಪಕ್ಷಿಧಾಮದ ಹಕ್ಕಿಗಳೆಲ್ಲ ಮರಿ ಮಾಡಿಕೊಂಡು ಹಾರಿಹೋಗಿದ್ದ ಕಾಲ, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬರೀ ಗೂಡುಗಳು ಉಳಿದಿದ್ದವು. ಅಲ್ಲಿಂದ ತಿರುಗಿದ ಮೇಲೆ ಗುಂಪು ನಿಧಾನವಾಯಿತು. ಯುರೋಪಿನ ರೇಸಿನಲ್ಲೂ ಕೊನೆಯ ದಿನ ಹೀಗೇ. ಹಳದಿ ಯಾರದೆಂದು ತೀರ್ಮಾನವಾಗಿರುತ್ತದೆ, ಊರು ಹತ್ತಿರವಾಗುವವರೆಗೆ ಎಲ್ಲರೂ ಹರಟೆ ಹೊಡೆಯುತ್ತ ತುಳಿಯುತ್ತಾರೆ. ಲೈನ್‌ಮನ್ ಹಿಂದಿನಿಂದ ಬಂದು ನನ್ನ ಪಕ್ಕ ಸೇರಿಕೊಂಡ.

ತೀರ್ಥಹಳ್ಳಿ ಹತ್ತಿರವಾಗುವ ತನಕ ನಾವಿಬ್ಬರೂ ಹ್ಯಾಂಡಲಿಗೆ ಹ್ಯಾಂಡಲ್ ತಾಗುವಷ್ಟು ಹತ್ತಿರ ತುಳಿದೆವು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಾಡು, ರಸ್ತೆಗೆ ಬಿದ್ದ ತರಗೆಲೆಯ ಮೇಲೆ ಚಕ್ರದ ಸದ್ದು. ನಮ್ಮ ಡ್ರೈವರಿನ ಕೋಪ, ಛತ್ರಿ ಮರೆತು ಇಳಿದು ಮರುದಿನ ಜಗಳಕ್ಕೆ ಬರುವ ಅಜ್ಜಿಯರು, ಸೈಕಲ್ಲಿಗೆ ಹೊಸ ಸೀಟು ತಗೊಳ್ಳಬೇಕೆಂಬ ನನ್ನ ಆಸೆ, ಎಲ್ಲ ಮಾತಾಡಿದ್ದೆ. ಅವನು ನಗುತ್ತಿದ್ದ. ಮಾತು ನಿಂತಾಗೆಲ್ಲ, "ಮತ್ತೆ ಎಂತ?" ಎಂದು ಕೇಳುತ್ತಿದ್ದ. ಅಷ್ಟು ಮಾತು ಕಡಿಮೆಯ ಮನುಷ್ಯ ನನ್ನ ಮಾತನ್ನು ಹೀಗೆ ಕೇಳಿ ಕೇಳಿ ಹೇಳಿಸಿಕೊಳ್ಳುತ್ತಾನಲ್ಲ ಎಂದು ಹೆಮ್ಮೆಯಾಗಿತ್ತು. ಎದುರಾಳಿ ಎನ್ನುವುದೇ ಮರೆತುಹೋಗಿತ್ತು. ಎಷ್ಟೋ ವರ್ಷ, ಯಾರಾದರೂ ಗೆಳೆತನ ಅಂದರೆ ನನಗೆ ಮೊದಲು ನೆನಪಾಗುತ್ತಿದ್ದದ್ದು ಆ ದಾರಿಯೇ.

ಕೊನೆಯ ಗೆರೆಗೆ ಬೇರೊಬ್ಬ ಮೊದಲು ಬಂದ. ಲೈನ್‌ಮನ್ ಎರಡನೆಯವನು, ನಾನು ಮೂರನೆಯವನು. ಮೇಷ್ಟ್ರು ಗೆರೆಯ ಮೇಲೆಯೇ ಬಗ್ಗಿ ನಿಂತು ನೋಡಿದ್ದರು, ಅದರಲ್ಲಿ ಅನುಮಾನವಿಲ್ಲ. ಅವನಿಗೆ ಹನ್ನೆರಡು, ನನಗೆ ಹತ್ತು. ಒಟ್ಟು ನನಗೆ ಮೂವತ್ತೈದು, ಅವನಿಗೆ ಮೂವತ್ತಮೂರು. ಎರಡೇ ಎರಡು ಪಾಯಿಂಟಿನಲ್ಲಿ ಹಸಿರು ಅಂಗಿ ನನ್ನದಾಯಿತು. ಮೊದಲ ದಿನದ್ದು ಸರಿಯಾಗಿ ಬರೆದಿದ್ದರೆ ಅವನದು ನಲವತ್ತೊಂದು, ನನ್ನದು ಇಪ್ಪತ್ತೇಳು. ವೇದಿಕೆ ಹತ್ತುವಾಗ ಈ ಲೆಕ್ಕ ಮನಸ್ಸಿನಲ್ಲೇ ಮಾಡಿಕೊಂಡಿದ್ದೆ. ಅವನು ಬಂದು ನನ್ನ ಕೈ ಕುಲುಕಿ, ಸೈಕಲ್ ಹತ್ತಿ ಮನೆಗೆ ಹೋದ.

ಆ ಅಂಗಿಯನ್ನು ನಾನು ಮತ್ತೆ ತೊಡಲಿಲ್ಲ. ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತು, ಅದೇ ಕಾರಣ ಎಂದು ಮನೆಯಲ್ಲಿ ಹೇಳಿದೆ. ರೇಸು ಇನ್ನೂ ಎರಡು ವರ್ಷ ನಡೆಯಿತು. ಮೇಷ್ಟ್ರಿಗೆ ವರ್ಗವಾದ ಮೇಲೆ ನಿಂತೇ ಹೋಯಿತು. ಟೈಂ ಕೀಪರ್ ತೀರಿಕೊಂಡರು. ನನ್ನ ಮಂಡಿ ಕೈಕೊಟ್ಟು ಬಸ್ಸಿನಿಂದ ಹಾರುವುದು ಆಗದೆ ಸಾಗರದಲ್ಲಿ ಏಜೆಂಟಾಗಿ ಕೂತೆ. ಆ ಮೂರು ದಿನಗಳ ಚಳಿ, ಸುಣ್ಣದ ಗೆರೆ, ಮಜ್ಜಿಗೆಯ ತಂಬಿಗೆ ನೆನಪಾದರೆ ಎದೆ ತುಂಬಿ ಬರುತ್ತದೆ. ಹಿಂದೆಯೇ ಆ ಪಟ್ಟಿಯೂ ನೆನಪಾಗುತ್ತದೆ.

ಈ ವರ್ಷ ಲೈನ್‌ಮನ್ನನಿಗೆ ಸಾಗರಕ್ಕೇ ವರ್ಗವಾಗಿದೆ. ತಲೆ ಬಿಳಿಯಾಗಿದೆ, ಕಂಬ ಹತ್ತುವ ಕೆಲಸ ಈಗ ಬೇರೆಯವರದು. ಶನಿವಾರ ಊರಿಗೆ ಹೋಗಲು ಬಂದಾಗ ನನ್ನ ಬೆಂಚಿನಲ್ಲೇ ಕೂತು ಬಸ್ಸಿಗೆ ಕಾಯುತ್ತಾನೆ. ಮೊನ್ನೆಯೂ ಹಾಗೇ ಕೂತಿದ್ದ. ಇಬ್ಬರೂ ಒಂದೇ ಫೋನಿನಲ್ಲಿ ರೇಸು ನೋಡುತ್ತಿದ್ದೆವು. ಯಾರೋ ಪ್ರಯಾಣಿಕರು ಇಣುಕಿ ಅದೇ ಪ್ರಶ್ನೆ ಕೇಳಿದರು. ನಾನು ಎಂದಿನಂತೆ ವಿವರಿಸಿದೆ, ಗಡಿಯಾರದ್ದು ಬೇರೆ, ಯಾರ ಹಿಂದೆ ಯಾರು ಬಂದರು ಎಂಬುದು ಬೇರೆ. ಅವರು ತಲೆಯಾಡಿಸಿ ಬಸ್ಸು ಹತ್ತಿದರು. ಲೈನ್‌ಮನ್ ಫೋನಿನಿಂದ ಕಣ್ಣೆತ್ತಿರಲಿಲ್ಲ.

ಆಗ ಹೇಳಿಬಿಟ್ಟೆ. "ಹೊಸನಗರದಲ್ಲಿ ಮೊದಲ್ನೇ ದಿನ ಎರಡ್ನೇದು ಬಂದಿದ್ದು ನೀನು. ನಾನು ಆರ್ನೇದು. ಪಟ್ಟಿ ಹಾಕ್ದಾಗ್ಲೇ ನಂಗೆ ಗೊತ್ತಿತ್ತು."

ಅವನಿಗೆ ಆಶ್ಚರ್ಯವಾಗಲಿಲ್ಲ. ಫೋನನ್ನು ನನ್ನ ಕೈಗೆ ಕೊಟ್ಟು ಕನ್ನಡಕ ತೆಗೆದು ಒರೆಸಿಕೊಂಡ.

"ಗೊತ್ತು ಮಾರಾಯ. ಗುಂಪಲ್ಲಿ ನನ್ನ ಮುಂದೆ ಯಾರೂ ಇರ್ಲಿಲ್ಲ ಅಂತ ನಂಗೊತ್ತಿರಲ್ವಾ?"

"ಮತ್ತೆ ಆವತ್ತು ಮೇಷ್ಟ್ರು ಕೇಳ್ದಾಗ ಯಾಕೆ ಸುಮ್ನಿದ್ದೆ?"

"ನಾನು ಹೇಳಿದ್ರೆ ನೀನು ಕಳ್ಳ ಆಗ್ತಿದ್ದೆ. ನೀನೇ ಹೇಳಿದ್ರೆ ಏನೂ ಇಲ್ಲ, ಬರೆಯೋದ್ರಲ್ಲಿ ಆದ ತಪ್ಪು ಅಷ್ಟೇ. ಅದಕ್ಕೆ ಕಾದೆ." ಕನ್ನಡಕ ಹಾಕಿಕೊಂಡ. "ಮಂಡಗದ್ದೆಯಿಂದ ವಾಪಸ್ ಬರುವಾಗ ನಿನ್ನ ಪಕ್ಕ ಬಂದಿದ್ದು ಎಂತಕ್ಕೆ ಅಂದ್ಕೊಂಡಿದ್ದೆ? ಗುಂಪಿನ ಎದುರು ಹೇಳೋಕೆ ನಾಚಿಕೆ ಆಗತ್ತೇನೋ, ಒಬ್ನೇ ಸಿಕ್ರೆ ಹೇಳ್ತೀಯ ಅಂತ. ಊರು ಬರೋವರೆಗೂ ನೋಡ್ದೆ."

ತೀರ್ಥಹಳ್ಳಿ ಬಸ್ಸು ಬಂತು. ಅವನು ಚೀಲ ಹೆಗಲಿಗೆ ಹಾಕಿಕೊಂಡು, ಮುಂದಿನ ಶನಿವಾರ ಸಿಗುತ್ತೇನೆಂದು ಹೇಳಿ ಹತ್ತಿದ. ನಾನು ಬೆಂಚಿನಿಂದ ಏಳಲೇ ಇಲ್ಲ. ಹೊಳೆಯ ಪಕ್ಕದ ಆ ದಾರಿಯುದ್ದಕ್ಕೂ ಅವನು ಒಂದೇ ಒಂದು ಮಾತಿಗಾಗಿ ಕಾದಿದ್ದ, ಮತ್ತು ಉದ್ದಕ್ಕೂ ಮಾತಾಡಿದವನು ನಾನೇ.